ಪ್ಯಾಂಟಪ್ಪನ ಮೂರು ಸಾಲು

ನಮ್ಮ ದೊಡ್ಡಪ್ಪ ಜೀವನದಲ್ಲಿ ಒಬ್ಬ ದೇವರನ್ನು ಹುಟ್ಟಿಸಿದ್ದಾರೆ. ಬೇಕೆಂದು ಹುಟ್ಟಿಸಿದ್ದಲ್ಲ, ಕೈತಪ್ಪಿ ಆದದ್ದು. ರಾಯದುರ್ಗದಿಂದ ಬೆಳುಗುಪ್ಪದ ಕಡೆಗೆ ಹೋಗುವ ರಸ್ತೆಯಲ್ಲಿ ಈಗ ಮಂಗಳವಾರ ಬಂತೆಂದರೆ ಆಟೋಗಳು ಸಾಲುಗಟ್ಟಿ ನಿಲ್ಲುತ್ತವಲ್ಲ, ಆ ದೇವರಿಗೆ ತಂದೆ, ತಾಯಿ, ಸೂಲಗಿತ್ತಿ ಎಲ್ಲವೂ ನಮ್ಮ ದೊಡ್ಡಪ್ಪನೇ. ಇದನ್ನು ಅವರ ಎದುರಿಗೆ ಹೇಳಿದರೆ ಅಳತೆ ಟೇಪು ಹಿಡಿದು ಹೊಡೆಯಲು ಬರುತ್ತಾರೆ. ಏನು ಬೇಕಾದರೂ ಬರೆದುಕೋ, ಹೆಸರು ಮಾತ್ರ ಹಾಕಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. "ಹೆಸರು ಹಾಕಿದ್ರ ನಾಳೆ ಮಂದಿ ನನಗೂ ಕಾಯಿ ಒಡೀತಾರ" ಎಂಬುದು ಅವರ ಭಯ. ನಮ್ಮ ಊರಿನವರನ್ನು ಬಲ್ಲ ನನಗೆ ಆ ಭಯ ಸುಳ್ಳೆನಿಸುವುದಿಲ್ಲ.

ಆಂಧ್ರದ ಗಡಿಯೊಳಗಿನ ನಮ್ಮ ರಾಯದುರ್ಗದಲ್ಲಿ ಯಾವ ಓಣಿಗೆ ಹೊಕ್ಕರೂ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು. ದೊಡ್ಡಪ್ಪ ಅಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಉದ್ದದ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಚಾಕ್‌ಪೀಸಿನಿಂದ ಗೆರೆ ಎಳೆದು, ಒಂದೇ ಸಲಕ್ಕೆ ನೂರಾರು ಕಾಲು ಕತ್ತರಿಸುವ ಕೆಲಸ. ಬೇರೆಯವರು ಮನುಷ್ಯರ ಮುಖ ನೋಡುತ್ತಾರೆ, ದೊಡ್ಡಪ್ಪ ಸೊಂಟ ನೋಡುತ್ತಾರೆ. ವರ್ಷಗಟ್ಟಲೆ ಆದಮೇಲೆ ಸಿಕ್ಕ ಗೆಳೆಯನನ್ನು "ಹೆಂಗದೀಯೋ" ಎಂದು ಕೇಳುವವರಲ್ಲ. "ಮೂವತ್ನಾಲ್ಕು ಇದ್ದಿ, ಮೂವತ್ತೆಂಟಕ್ಕ ಬಂದೀಯಲ್ಲೋ" ಎನ್ನುತ್ತಾರೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋದಮೇಲೆ ಮನೆಯವರೆಲ್ಲ ದೊಡ್ಡಪ್ಪನ ಅಭಿಪ್ರಾಯ ಕೇಳಿದರು. ಅವರು ಬಹಳ ಹೊತ್ತು ಯೋಚಿಸಿ, "ಹುಡುಗ ಒಳ್ಳೇವ. ಎಡಗಾಲು ಕಾಲಿಂಚು ಗಿಡ್ಡ ಅದ, ಅಷ್ಟ" ಎಂದರು. ನನ್ನ ಗಂಡ ಇವತ್ತಿಗೂ ಕನ್ನಡಿಯ ಮುಂದೆ ನಿಂತಾಗ ಮೊದಲು ಕಾಲು ನೋಡಿಕೊಳ್ಳುತ್ತಾರೆ.

ಇಂಥವರು ಕೆಲಸ ಬಿಟ್ಟಮೇಲೆ ಸುಮ್ಮನೆ ಮನೆಯಲ್ಲಿ ಕೂರುತ್ತಾರೆಯೇ? ಊರಿನ ದುರ್ಗದ ಬೆಟ್ಟವನ್ನೂ ಅದರ ಸುತ್ತಲಿನ ಕಲ್ಲು, ನೀರಿನ ಕುಂಟೆ, ಮರಗಳನ್ನೂ ಕಾಯಲಿಕ್ಕೆಂದು ಒಂದು ಬಳಗ ಕಟ್ಟಿದರು. ಅದರಲ್ಲಿ ಅವರನ್ನೂ ಸೇರಿಸಿ ಇಪ್ಪತ್ತಮೂರು ಮಂದಿ. ಟೈಲರುಗಳು, ಇಸ್ತ್ರಿ ಹಾಕುವವರು, ಗುಂಡಿ ಹಾಕುವವರು, ಸೆಕ್ರೆಟರಿಯಾಗಿ ಒಬ್ಬ ಜೆರಾಕ್ಸ್ ಅಂಗಡಿಯವನು, ಕನ್ನಡ ಶಾಲೆಯ ಟೀಚರಮ್ಮನಾಗಿ ನಾನು. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಟ್ಟದ ಬುಡದಲ್ಲಿ ಹಾಜರಿ. ದೊಡ್ಡಪ್ಪ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಮೂರೇ ಜನ ಎದುರಿಗೆ ನಿಂತಿದ್ದರೂ ಇಪ್ಪತ್ತಮೂರು ಹೆಸರನ್ನೂ ಕೂಗುತ್ತಿದ್ದರು. ಬಾರದವರ ಹೆಸರಿಗೆ ಕಾಲು ನಿಮಿಷ ಕಾಯುತ್ತಿದ್ದರು, ಬಂದೇ ಬರುತ್ತಾರೇನೋ ಎಂಬ ಹಾಗೆ.

ಬಳಗಕ್ಕೆ ಸೇರಿದವರಿಗೆಲ್ಲ ಟೋಪಿ. ಉಳಿದ ಡೆನಿಮ್ ತುಂಡಿನಿಂದ ದೊಡ್ಡಪ್ಪನೇ ಹೊಲಿದದ್ದು. ಅಂಗಡಿಯಲ್ಲಿ ಸಿಗುವ ಎಲ್ಲರಿಗೂ ಒಂದೇ ಅಳತೆಯ ಟೋಪಿಯನ್ನು ಅವರು ಅವಮಾನವೆಂದು ತಿಳಿದವರು. ಒಬ್ಬೊಬ್ಬರ ತಲೆಗೂ ಟೇಪು ಸುತ್ತಿ ಅಳೆದು, ಒಳಗೆ ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆಯ ಲೈನಿಂಗ್ ಕೊಟ್ಟು, ಆ ಲೈನಿಂಗ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಮತ್ತು ಅಳತೆ ಬರೆಯುತ್ತಿದ್ದರು. ನನ್ನದು ಇಪ್ಪತ್ತೊಂದೂವರೆ. ಬಳಗ ಬಿಡಬೇಕಾದರೆ ಒಂದೇ ನಿಯಮ. ಫೋನಿನಲ್ಲಿ ಹೇಳುವಂತಿಲ್ಲ, ಮಂದಿಯ ಕೈಯಲ್ಲಿ ಹೇಳಿ ಕಳಿಸುವಂತಿಲ್ಲ. ಖುದ್ದಾಗಿ ಬಂದು ಕಾರಣ ಹೇಳಿ ಟೋಪಿಯನ್ನು ಅವರ ಕೈಗೆ ಕೊಡಬೇಕು.

ಬಳಗದ ಮೊದಲ ಸಾಹಸದ ನೆನಪಾದರೆ ಈಗಲೂ ನನಗೆ ಬೆವರುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಬೇವು, ಹೊಂಗೆ ನೆಟ್ಟಿದ್ದೆವು. ಮೇಕೆಗಳು ಬಿಡಬೇಕಲ್ಲ! ಬೇಲಿಗೆ ದುಡ್ಡಿಲ್ಲ. ದೊಡ್ಡಪ್ಪ ಎಲ್ಲ ಹೊಲಿಗೆ ಯೂನಿಟ್ಟುಗಳನ್ನೂ ಸುತ್ತಿ ಡ್ಯಾಮೇಜ್ ಆದ ನಲವತ್ತು ಜೀನ್ಸ್ ಪ್ಯಾಂಟು ತಂದರು. ಕಾಲುಗಳನ್ನು ಕತ್ತರಿಸಿ ಒಂದೊಂದು ಸಸಿಗೆ ತೊಡಿಸೋಣ ಎಂದೆ. "ಇದ್ದ ಪೀಸನ್ನ ಯಾಕ ಹಾಳು ಮಾಡಬೇಕು?" ಎಂದು ಬೈದರು. ಪ್ಯಾಂಟನ್ನು ತಲೆಕೆಳಗಾಗಿ ಹಿಡಿದು, ಸೊಂಟವನ್ನು ನೆಲಕ್ಕೆ ಹೂತು, ಕಾಲುಗಳನ್ನು ಮೇಲಕ್ಕೆ ನಿಲ್ಲಿಸಿ, ಒಂದು ಪ್ಯಾಂಟಿಗೆ ಎರಡು ಸಸಿಯಂತೆ ಒಳಗೆ ಕೋಲು ಕೊಟ್ಟು ಕಟ್ಟಿದರು. ಹತ್ತಿರದಿಂದ ನೋಡಿದರೆ ಅಚ್ಚುಕಟ್ಟಾಗಿತ್ತು. ರಸ್ತೆಯಿಂದ ನೋಡಿದರೆ ನಲವತ್ತು ಗಂಡಸರನ್ನು ತಲೆಕೆಳಗಾಗಿ ಸೊಂಟದವರೆಗೆ ಹೂತುಬಿಟ್ಟಂತಿತ್ತು. ಬಳ್ಳಾರಿಯಿಂದ ಬಂದ ಬಸ್ಸೊಂದು ಅಲ್ಲಿಯೇ ನಿಂತುಬಿಟ್ಟಿತು. ಇಳಿದ ಪ್ರಯಾಣಿಕರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದು, "ಪಾಪ, ಯಾವ ಊರಿನವರ್ರಿ?" ಎಂದು ಕೇಳಿದರು. ಆಮೇಲೆ ಪೊಲೀಸಿನವರೊಬ್ಬರು ಬಂದು, "ಏಮಯ್ಯಾ ಇದಿ?" ಏನಯ್ಯಾ ಇದು ಎಂದು ತೆಲುಗಿನಲ್ಲಿ ಕೇಳಿ, ಒಂದೊಂದೇ ಕಾಲನ್ನು ಮುಟ್ಟಿ ನೋಡುತ್ತ ಹೋದರು. ದೊಡ್ಡಪ್ಪ ಅವರ ಹಿಂದೆಯೇ ನಡೆಯುತ್ತ, "ಎಂಬತ್ತು ಅದಾವ ಸಾರ್, ಎಣಿಸಿಕೋರಿ" ಎಂದರು. ಆ ಎಂಬತ್ತರಲ್ಲಿ ಹದಿನೇಳು ಬೇವು ಈಗ ನನಗಿಂತ ಎತ್ತರವಾಗಿವೆ.

ಇನ್ನು ಕಲ್ಲಿನ ವಿಷಯ. ಬೆಳುಗುಪ್ಪದ ರಸ್ತೆಯ ಪಕ್ಕದಲ್ಲಿ ಒಂದು ವೀರಗಲ್ಲು ಅರ್ಧ ಹೂತು ವಾಲಿಕೊಂಡಿತ್ತು. ಕತ್ತಿ ಹಿಡಿದ ವೀರ, ಅವನ ಎದುರಿಗೆ ಹಸುಗಳು, ಮೇಲೆ ಸೂರ್ಯ ಚಂದ್ರ. ಕುಡುಗೋಲು ಮಸೆಯುವವರಿಗೆ ಅದು ಮಸೆಗಲ್ಲು, ಕುರಿ ಕಾಯುವವರಿಗೆ ಒರಗುವ ಕಲ್ಲು. ಬಳಗದವರೆಲ್ಲ ಹಾರೆ ಹಾಕಿ ನೆಟ್ಟಗೆ ನಿಲ್ಲಿಸಿದಾಗ ಬುಡದಲ್ಲಿ ಮಣ್ಣು ಮೆತ್ತಿದ ಮೂರು ಸಾಲು ಅಕ್ಷರ ಕಂಡವು. ಹಳೆಯ ಕನ್ನಡ. ನನಗೆ ಒಂದು 'ಕ' ಬಿಟ್ಟರೆ ಏನೂ ತಿಳಿಯಲಿಲ್ಲ. ಹಳೆಯ ಅಕ್ಷರ ಓದಬಲ್ಲ ಒಬ್ಬ ಕನ್ನಡ ಪಂಡಿತರು ಮಡಕಶಿರದಲ್ಲಿದ್ದಾರೆಂದು ತಿಳಿಯಿತು, ಫೋನು ಮಾಡಿದ್ದೂ ಆಯಿತು. ಕರೆದ ದಿನ ಬರುತ್ತೇನೆ ಎಂದರು. ಅಲ್ಲಿಗೆ ಮುಗಿಯಬೇಕಿತ್ತು.

ದೊಡ್ಡಪ್ಪ ಮುಗಿಯಲು ಬಿಡಬೇಕಲ್ಲ! "ಇಪ್ಪತ್ತಮೂರು ಮಂದಿ ಕೂಡಿ ಎತ್ತಿದ ಕಲ್ಲು. ಇಪ್ಪತ್ತಮೂರು ಮಂದಿ ಮುಂದನ ಓದಬೇಕು. ಕೋರಂ ಇಲ್ಲದ ಓದಂಗಿಲ್ಲ" ಎಂದು ಹಟ ಹಿಡಿದರು. ನೋಡಿ, ಮದುವೆ, ಮುಂಜಿ, ಅರ್ಜೆಂಟ್ ಆರ್ಡರು, ನೆಗಡಿ, ಬೀಗರು ಇವೆಲ್ಲ ಇರುವ ಊರಿನಲ್ಲಿ ಇಪ್ಪತ್ತಮೂರು ಜನ ಒಂದೇ ಭಾನುವಾರ ಒಂದು ಕಡೆ ಸೇರುವುದುಂಟೇ? ಇಪ್ಪತ್ತೊಂದರವರೆಗೆ ಒಮ್ಮೆ ಬಂದಿತ್ತು. ಇನ್ನಿಬ್ಬರಿಗೆ ಕಾಯುತ್ತ ಬಿಸಿಲೇರಿ ಆ ಇಪ್ಪತ್ತೊಂದು ಮಂದಿಯೂ ಮನೆಗೆ ಹೋದರು. ಪಂಡಿತರನ್ನು ಕರೆಯುವುದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಹೀಗೆ ವರ್ಷಗಳೇ ಕಳೆದವು. ಆ ಮೂರು ಸಾಲು ನಮ್ಮ ಕಣ್ಣೆದುರಿಗೇ ಓದದೆ ಉಳಿದುಬಿಟ್ಟವು.

ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಬಂದರು. ದಾರಿಗೆ ಅಡ್ಡವಾದ ಮರ, ಬಂಡೆ, ಗೋಡೆ ಎಲ್ಲದರ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತ ಬರುತ್ತಿದ್ದರು. ನಂಬರು ಬಿತ್ತೆಂದರೆ ಜೆಸಿಬಿ ಬಂತೆಂದೇ ಲೆಕ್ಕ. ಮಂಡಲ ಆಫೀಸಿಗೆ ಅರ್ಜಿ ಕೊಟ್ಟೆವು. ಅರ್ಜಿ ನಡೆಯುವುದಕ್ಕಿಂತ ಬಣ್ಣ ಬೇಗ ನಡೆಯುತ್ತಿತ್ತು. ಆಗ ದೊಡ್ಡಪ್ಪನ ತಲೆಗೆ ಒಂದು ವಿಚಾರ ಹೊಳೆಯಿತು. ಬಟ್ಟೆ ತೊಟ್ಟ ಕಲ್ಲಿನ ಮೇಲೆ ಬಣ್ಣ ಬಳಿಯಲು ಬರುವುದಿಲ್ಲ! ಭಾನುವಾರ ಟೇಪು ಹಿಡಿದು ಕಲ್ಲಿನ ಭುಜ, ಎದೆ, ಸೊಂಟ ಅಳೆದರು. ಸೋಮವಾರ ಹೊಲಿದು ತಂದು ತೊಡಿಸಿದರು. ದಪ್ಪ ನೀಲಿ ಡೆನಿಮ್, ಕಿತ್ತಳೆ ಬಣ್ಣದ ದಾರದ ಡಬಲ್ ಹೊಲಿಗೆ, ಹಿಂದುಗಡೆ ಜಿಪ್ಪು. ಅಭ್ಯಾಸಬಲದಿಂದ ಎರಡು ಜೇಬನ್ನೂ ಇಟ್ಟಿದ್ದರು. ಕಲ್ಲಿಗೆ ಜೇಬು ಯಾಕೆ ಎಂದು ಕೇಳಿದ್ದಕ್ಕೆ, "ಜೇಬಿಲ್ಲದ್ದು ಪೀಸ್ ಅನಿಸಂಗಿಲ್ಲವ್ವ" ಎಂದರು.

ಬುಧವಾರ ನಾವು ಹೋಗಿ ನೋಡಿದರೆ ಕಲ್ಲಿಗೆ ಅರಿಸಿನ, ಕುಂಕುಮ, ಬೇವಿನ ಎಲೆ! ಎದುರಿಗೆ ಒಡೆದ ತೆಂಗಿನಕಾಯಿ. ಕುರಿ ಕಾಯುವ ಒಬ್ಬ ಅಜ್ಜಿ ಕೈಮುಗಿದುಕೊಂಡು ಕೂತಿದ್ದಳು. ಅವಳ ಎರಡು ಕುರಿ ಕಳೆದುಹೋಗಿದ್ದವಂತೆ, ಹುಡುಕಿ ಹುಡುಕಿ ಬಂದರೆ ಈ ನೀಲಿ ಅಂಗಿಯ ಸ್ವಾಮಿಯ ನೆರಳಿನಲ್ಲಿ ಮಲಗಿದ್ದವಂತೆ. ದೊಡ್ಡಪ್ಪ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ತಿಳಿಹೇಳಲು ನೋಡಿದರು.

"ಅಜ್ಜಿ, ಇದು ದೇವರಲ್ಲ. ನಾನ ಹೊಲಿದ ಬಟ್ಟಿ ಇದು."

"ಹೌದೇನಪ್ಪ? ಕನಸಿನಾಗ ಬಂದು ಹೇಳಿತ್ತೇನು ನಿನಗ?"

"ಕನಸಿಲ್ಲ ಏನಿಲ್ಲ. ನಾನು ಕಟಿಂಗ್ ಮಾಸ್ಟರು."

"ನಿನ್ನ ಕೈಲೆ ಮಾಡಿಸಿಕೊಂಡೈತಿ ನೋಡು" ಎಂದು ಅಜ್ಜಿ ಅವರ ಹಣೆಗೂ ಕುಂಕುಮ ಹಚ್ಚಿಬಿಟ್ಟಳು.

ಮರುವಾರ ಬಣ್ಣದವರು ಬಂದರು, ನೋಡಿದರು, ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದರು, ರಸ್ತೆಯನ್ನು ನಾಲ್ಕಡಿ ಪಕ್ಕಕ್ಕೆ ಸರಿಸಿಕೊಂಡು ಹೋದರು. ನಮ್ಮ ಬಳಗ ಇಷ್ಟು ದೊಡ್ಡ ಗೆಲುವನ್ನು ಎಂದೂ ಕಂಡಿರಲಿಲ್ಲ. ಸೆಕ್ರೆಟರಿ ಎಲ್ಲರಿಗೂ ಬೋಂಡಾ ಕೊಡಿಸಿದ. ಆ ಬೋಂಡಾ ತಿನ್ನುತ್ತಿದ್ದಾಗ ನಮಗೆ ಯಾರಿಗೂ ತಿಳಿಯಲಿಲ್ಲ, ಅದು ಬಳಗದ ತಿಥಿ ಊಟವೆಂದು.

ಏಕೆಂದರೆ ಪ್ಯಾಂಟಪ್ಪ ಬೆಳೆದ. ಹೌದು, ಪ್ಯಾಂಟಿನ ಬಟ್ಟೆ ತೊಟ್ಟವನೆಂದು ಜನ ಹಾಗೆಯೇ ಕರೆದರು. ತೆಲುಗು ಮಾತಾಡುವವರಿಗೆ ಪ್ಯಾಂಟು ಸ್ವಾಮಿ, ನಮಗೆ ಪ್ಯಾಂಟಪ್ಪ. ಹೊಸ ಲಾಟಿನ ಮೊದಲ ಪ್ಯಾಂಟನ್ನು ಅವನ ಮುಂದಿಟ್ಟು ಪೂಜೆ ಮಾಡಿದರೆ ಮಾಲು ವಾಪಸ್ಸು ಬರುವುದಿಲ್ಲವೆಂದು ಯಾರೋ ಹೇಳಿದರು. ಅಷ್ಟು ಸಾಕಲ್ಲ! ಮಿಷನ್ನಿನ ಸೂಜಿ ಮುರಿದರೆ ಪ್ಯಾಂಟಪ್ಪ, ಕರೆಂಟು ಹೋದರೆ ಪ್ಯಾಂಟಪ್ಪ. ಹರಕೆಯ ಚೀಟಿಗಳನ್ನು ಆ ಎರಡು ಜೇಬಿಗೆ ತುರುಕತೊಡಗಿದರು. ದೊಡ್ಡಪ್ಪ ಜೇಬಿಟ್ಟ ತಪ್ಪಿಗೆ ತಲೆ ಚಚ್ಚಿಕೊಂಡರು.

ಎಣ್ಣೆಯೂ ಕುಂಕುಮವೂ ಸೇರಿ ಆ ಮೂರು ಸಾಲಿನ ಮೇಲೆ ಬೆರಳು ದಪ್ಪ ಜಿಡ್ಡು ಕೂತಿತು. ಮೊಬೈಲಿನಲ್ಲಿ ಫೋಟೋ ತೆಗೆದು ಪಂಡಿತರಿಗೆ ಕಳಿಸಿದೆ. "ಇದೇನು ದೋಸೆಕಲ್ಲಾ?" ಎಂದು ಉತ್ತರ ಬಂತು.

ಕಲ್ಲು ದೇವರಾದ ಮೇಲೆ ಬಳಗದವರು ಒಬ್ಬೊಬ್ಬರಾಗಿ ದೊಡ್ಡಪ್ಪನ ಮನೆಯ ಬಾಗಿಲಿಗೆ ಬಂದರು, ಟೋಪಿ ಹಿಡಿದುಕೊಂಡು. ಮೊದಲು ಬಂದವನು ಸೆಕ್ರೆಟರಿಯೇ. "ಮಾಸ್ಟ್ರೇ, ದೇವಸ್ಥಾನ ಕಮಿಟಿಗಿ ನನ್ನ ಅಧ್ಯಕ್ಷ ಮಾಡ್ಯಾರ. ಎರಡೂ ಕಡಿ ಇದ್ರ ಚೆಂದ ಕಾಣಂಗಿಲ್ಲ." ಇನ್ನೊಬ್ಬ ಬಂದು, ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳುವ ದಿನ, ಟೋಪಿ ಹಾಳಾಗುತ್ತದೆ ಎಂದ. ಮತ್ತೊಬ್ಬ, ಬೆಟ್ಟ ಮೊದಲಿಗಿಂತ ಎತ್ತರವಾಗಿದೆ ಎಂದ. ಗುಂಡಿ ಹಾಕುತ್ತಿದ್ದವನ ಹೆಂಡತಿ ಬಂದು ಟೋಪಿಯನ್ನು ಎರಡೂ ಕೈಯಿಂದ ಕೊಟ್ಟು, "ಅವರು ಹೋಗಿಬಿಟ್ರು ಮಾಸ್ಟ್ರೇ" ಎಂದಳು. ದೊಡ್ಡಪ್ಪ ಎಲ್ಲ ಕಾರಣಗಳನ್ನೂ ಒಂದೇ ರೀತಿಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ವಾದ ಮಾಡುತ್ತಿರಲಿಲ್ಲ. ಟೋಪಿಯ ದೂಳು ಕೊಡವಿ, ಒಳಗಿನ ಹೆಸರು ಓದಿ, ಕಬ್ಬಿಣದ ಪೆಟ್ಟಿಗೆಯೊಳಗೆ ಇಡುತ್ತಿದ್ದರು.

ನಾನೂ ಹೋದೆ. ಮುಚ್ಚಿಡುವುದೇಕೆ? ಸ್ಟಾಫ್ ರೂಮಿನಲ್ಲಿ ನನ್ನನ್ನು ಪ್ಯಾಂಟಪ್ಪನ ಟೀಚರ್ ಎಂದು ನಗುತ್ತಿದ್ದರು. ಭಾನುವಾರ ಒಂದಿಷ್ಟು ಮಲಗುವ ಆಸೆಯೂ ಇತ್ತು. ದೊಡ್ಡಪ್ಪನ ಎದುರಿಗೆ ನಿಂತು ಮೊಣಕಾಲು ನೋವು ಎಂದೆ.

"ಯಾವ ಮೊಣಕಾಲವ್ವ?"

"ಎಡಗಡೆದು."

"ಹೌದಾ" ಎಂದು ಟೋಪಿ ತೆಗೆದುಕೊಂಡರು. ನಾನು ಕುಂಟುತ್ತ ಗೇಟಿನವರೆಗೆ ಬಂದೆ. ಗೇಟು ದಾಟಿದ ಮೇಲೆ ಗೊತ್ತಾಯಿತು, ನಾನು ಕುಂಟುತ್ತಿದ್ದದ್ದು ಬಲಗಾಲಿನಲ್ಲಿ. ಅಳತೆಯೇ ಉಸಿರಾಗಿದ್ದ ಮನುಷ್ಯನಿಗೆ ಅದು ಕಾಣಿಸದೆ ಇರುತ್ತದೆಯೇ? ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಆಮೇಲೂ ಪ್ರತಿ ಭಾನುವಾರ ಅವರೊಬ್ಬರೇ ಬೆಟ್ಟದ ಬುಡಕ್ಕೆ ಹೋಗಿ ಇಪ್ಪತ್ತಮೂರು ಹೆಸರು ಕೂಗಿ, ಬೇವಿನ ಗಿಡಗಳ ಸುತ್ತಳತೆ ನೋಡಿ ಬರುತ್ತಿದ್ದಾರೆಂದು ದೊಡ್ಡಮ್ಮ ಹೇಳಿದಳು. "ಮನ್ಯಾಗ ನನ್ನ ಹೆಸರು ಹಿಡಿದು ಒಮ್ಮೆ ಕರದವರಲ್ಲ, ಅಲ್ಲಿ ಹೋಗಿ ಗಾಳಿಗಿ ಹೆಸರು ಕೂಗ್ತಾರ" ಎಂದು ಅವಳ ದೂರು.

ಹೋದ ವರ್ಷ ಕಮಿಟಿಯವರು ಕಟ್ಟೆ ಕಟ್ಟಲು ತೀರ್ಮಾನಿಸಿದರು. ಕಲ್ಲಿನ ಸೊಂಟದವರೆಗೆ ಕಾಂಕ್ರೀಟು, ಅದರ ಮೇಲೆ ಗ್ರಾನೈಟು. ಶುಕ್ರವಾರ ಮುಹೂರ್ತ. ಎಂದರೆ ಆ ಮೂರು ಸಾಲು ಸಿಮೆಂಟಿನೊಳಗೆ ಹೋದಂತೆಯೇ. ದೊಡ್ಡಪ್ಪ ಸೆಕ್ರೆಟರಿಯ ಅಂಗಡಿಗೆ ಹೋಗಿ ಬೇಡಿಕೊಂಡರಂತೆ.

"ಒಂದು ದಿನ ಬಿಡ್ರಿ. ಜಿಡ್ಡು ತೆಗದು ಓದಿಸಿಬಿಡ್ತೀನಿ."

"ದೇವರ ಮೈ ಕೆರೀತೀರೇನು ಮಾಸ್ಟ್ರೇ? ಭಕ್ತರು ಸುಮ್ನಿರಂಗಿಲ್ಲ."

"ಕಲ್ಲು ಎತ್ತಿದಾಗ ನೀನೂ ಹಾರೆ ಹಿಡಿದಿದ್ದಿ."

"ಆವಾಗ ಅದು ಕಲ್ಲಿತ್ತು" ಎಂದನಂತೆ ಸೆಕ್ರೆಟರಿ.

ದೊಡ್ಡಪ್ಪ ಎದ್ದು ಬಂದರಂತೆ. ಸತ್ಯಾಗ್ರಹ ಕೂರುತ್ತಾರೆ, ಜೆಸಿಬಿ ಮುಂದೆ ಮಲಗುತ್ತಾರೆ ಎಂದೆಲ್ಲ ನಾನು ಹೆದರಿದ್ದೆ. ಬುಧವಾರ ಬಂದ ಸುದ್ದಿ ಅದಕ್ಕಿಂತ ದೊಡ್ಡ ಆಘಾತ. ಕಟ್ಟೆಯ ಪೂಜೆಗೆ ಪ್ಯಾಂಟಪ್ಪನಿಗೆ ಹೊಸ ಉಡುಪು ಹೊಲಿದು ಕೊಡಲು ದೊಡ್ಡಪ್ಪ ಒಪ್ಪಿಕೊಂಡಿದ್ದಾರೆ! ಇಷ್ಟು ವರ್ಷ ಕಮಿಟಿಯವರು ಕಾಲು ಹಿಡಿದರೂ ಒಂದು ಗುಂಡಿ ಹಾಕಿಕೊಡದ ಮನುಷ್ಯ. ಹೋಗಲಿ ಬಿಡು, ಇಪ್ಪತ್ತೆರಡು ಜನ ಬಿಟ್ಟುಹೋದ ಮೇಲೆ ಅವರೊಬ್ಬರೇ ಯಾಕೆ ಉಳಿಯಬೇಕು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ. ನಾನು ಬಿಟ್ಟಾಗಲೂ ಅವರಿದ್ದಾರೆ ಎಂಬ ಧೈರ್ಯದ ಮೇಲೆಯೇ ಬಿಟ್ಟಿದ್ದೆ.

ಗುರುವಾರ ಬೆಳಿಗ್ಗೆ ದೊಡ್ಡಪ್ಪನ ಫೋನು. "ಟೇಪಿನ ಆ ತುದಿ ಹಿಡಿಯಾಕ ಒಬ್ಬರು ಬೇಕವ್ವ. ಬರ್ತೀಯೇನು?" ರಜೆ ಹಾಕಿ ಹೋದೆ. ದೊಡ್ಡಪ್ಪ ಬರಿತಲೆಯಲ್ಲಿ ಬಂದಿದ್ದರು. ಬಳಗ ಕಟ್ಟಿದ ಮೇಲೆ ಅವರನ್ನು ಟೋಪಿಯಿಲ್ಲದೆ ಬೀದಿಯಲ್ಲಿ ಕಂಡದ್ದು ಅದೇ ಮೊದಲು. ಅವರದೂ ಪೆಟ್ಟಿಗೆ ಸೇರಿತು ಎಂದುಕೊಂಡೆ. ಕಮಿಟಿಯವರು ಹೂವಿನ ಹಾರ ಹಾಕಿದರು. ಅದನ್ನೂ ಹಾಕಿಸಿಕೊಂಡರು! ಆಮೇಲೆ ಕಲ್ಲನ್ನು ಒಮ್ಮೆ ಮುಟ್ಟಿ ಮೂಗು ಮುರಿದರು.

"ಈ ಜಿಡ್ಡಿನ ಮ್ಯಾಲ ಹೊಸಾ ಬಟ್ಟಿ ಹ್ಯಾಂಗ ಹಾಕಲಿ? ಮೊದಲು ದೇವರಿಗಿ ಎಣ್ಣಿಸ್ನಾನ ಮಾಡಿಸ್ರಿ."

ಅದು ಸರಿಯೆಂದು ಎಲ್ಲರೂ ತಲೆಯಾಡಿಸಿದರು. ಹಂಡೆಯಲ್ಲಿ ನೀರು ಕಾಯಿತು. ಸೀಗೆಪುಡಿ ಬಂತು, ತೆಂಗಿನ ನಾರು ಬಂತು. ಸೆಕ್ರೆಟರಿ ತಾನೇ ಪಂಚೆ ಎತ್ತಿ ಕಟ್ಟಿ ಎರಡು ತಾಸು ಕಲ್ಲನ್ನು ಉಜ್ಜಿದ. "ಬುಡದಾಗ ಇನ್ನೊಂಚೂರು. ಪಾದ ಸ್ವಚ್ಛ ಇರಬೇಕ್ರಿ" ಎಂದು ದೊಡ್ಡಪ್ಪ ಪಕ್ಕದಲ್ಲಿ ನಿಂತು ಭಕ್ತಿಯಿಂದ ಹೇಳುತ್ತಿದ್ದರು. ಕಲ್ಲು ಒಣಗಿದ ಮೇಲೆ ತೆರೆ ಹಿಡಿಯಲು ಹೇಳಿದರು. "ದೇವರು ಬರಿಮೈಲೆ ಅದಾನ, ಅಳತಿ ತಗೋಬೇಕು. ಎದುರಿಗಿ ನಿಂತು ನೋಡ್ತೀರೇನು?" ಎಲ್ಲರೂ ನಾಚಿ ಹಿಂದಕ್ಕೆ ಸರಿದರು, ತೆರೆ ಬಿತ್ತು.

ತೆರೆಯ ಒಳಗೆ ನಾವಿಬ್ಬರೇ. ದೊಡ್ಡಪ್ಪ ಚೀಲದಿಂದ ತೇಪೆ ತೇಪೆಯಾಗಿ ಸೇರಿಸಿದ ಒಂದು ಬಿಳಿ ಬಟ್ಟೆ ತೆಗೆದರು. ಅದನ್ನು ಕಲ್ಲಿನ ಬುಡಕ್ಕೆ ಒತ್ತಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿ ಎಂದು ನನಗೆ ಸನ್ನೆ ಮಾಡಿದರು. ಆಮೇಲೆ ಟೈಲರುಗಳ ನೀಲಿ ಚಾಕ್ ತೆಗೆದು, ಅದನ್ನು ಅಡ್ಡ ಮಲಗಿಸಿ, ಮೆಲ್ಲಗೆ ಉಜ್ಜತೊಡಗಿದರು. ಉಬ್ಬಿದ ಕಡೆ ಬಟ್ಟೆ ನೀಲಿಯಾಯಿತು. ಕೊರೆದ ಕಡೆ ಬಿಳಿಯಾಗಿಯೇ ಉಳಿಯಿತು. ನೀಲಿಯ ನಡುವೆ ಒಂದು ಬಿಳಿ 'ಕ' ಎದ್ದು ಬಂತು. ಅದರ ಪಕ್ಕದಲ್ಲಿ ಇನ್ನೊಂದು ಅಕ್ಷರ, ಮತ್ತೊಂದು. ನಾನು ಬಾಯಿ ತೆರೆದೆ. ದೊಡ್ಡಪ್ಪ ಬೆರಳಿನಿಂದ ತುಟಿ ಮುಚ್ಚಿಕೊಳ್ಳುವಂತೆ ಸನ್ನೆ ಮಾಡಿ, ತೆರೆಯ ಆಚೆಗೆ ಕೇಳುವಂತೆ ಗಟ್ಟಿಯಾಗಿ, "ಸೊಂಟ ಮೂವತ್ತೆಂಟೂವರಿ, ಬರಕೋವ್ವ" ಎಂದರು.

ಶುಕ್ರವಾರ ಪ್ಯಾಂಟಪ್ಪ ಹೊಸ ಉಡುಪಿನಲ್ಲಿ ಕಂಗೊಳಿಸಿದ. ಮೂರು ಸಾಲಿನ ಮೇಲೆ ಕಾಂಕ್ರೀಟು ಬಿತ್ತು. ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕೂತು ಮಂಗಳಾರತಿ ತೆಗೆದುಕೊಂಡರು. ಆ ಹೊತ್ತಿಗೆ ಮನೆಯಲ್ಲಿ ದೊಡ್ಡಮ್ಮ ಚಾಕಿನ ಪುಡಿ ಉದುರದಿರಲೆಂದು ಆ ಬಟ್ಟೆಗೆ ಅನ್ನದ ಗಂಜಿ ಚಿಮುಕಿಸುತ್ತಿದ್ದಳು.

ಭಾನುವಾರ ನಾನೂ ದೊಡ್ಡಪ್ಪನೂ ಬಸ್ಸು ಬದಲಾಯಿಸಿ ಬದಲಾಯಿಸಿ ಮಡಕಶಿರ ಮುಟ್ಟಿದೆವು. ಬಟ್ಟೆ ಅವರ ತೊಡೆಯ ಮೇಲೆಯೇ ಇತ್ತು, ಸೀಟಿನ ಮೇಲಿನ ರ‍್ಯಾಕಿನಲ್ಲಿ ಇಡಲು ಬಿಡಲಿಲ್ಲ. ಪಂಡಿತರ ಮನೆ ಅಲ್ಲಿನ ಬೆಟ್ಟದ ಕೆಳಗಿನ ಓಣಿಯಲ್ಲಿ. ವಯಸ್ಸಾದವರು, ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು.

"ಬನ್ನಿ ಸಾಮಿ, ಕುಂತ್ಕಳಿ. ಎಷ್ಟು ವರ್ಷದಿಂದ ಕರೀತೀನಿ ಕರೀತೀನಿ ಅಂತಾನೇ ಇದ್ರಿ. ಏನ್ರಿ ಇದು, ಹೊದ್ಕಳೋ ದುಪ್ಟಿ ತಂದಿದ್ದೀರಾ? ಕೊಡಿ ನೋಡಾನ."

"ತಡೀರಿ ಪಂಡಿತರ, ಮೊದಲು ಹಾಜರಿ" ಎಂದರು ದೊಡ್ಡಪ್ಪ.

ಬಟ್ಟೆಯನ್ನು ಚಾಪೆಯ ಮೇಲೆ ಹಾಸಿ, ಮಗುಚಿ ಹಿಂಭಾಗ ಮೇಲೆ ಮಾಡಿದರು. ಆಗ ನೋಡಿದೆ. ಅದು ಒಂದು ಬಟ್ಟೆಯಾಗಿರಲಿಲ್ಲ. ಇಪ್ಪತ್ತಮೂರು ಟೋಪಿಗಳ ಒಳಗಿನ ಲೈನಿಂಗು ಬಿಚ್ಚಿ, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಸೇರಿಸಿ ಹೊಲಿದದ್ದು. ಒಂದೊಂದು ತುಂಡಿನ ಮೇಲೂ ಒಂದು ಹೆಸರು, ಒಂದು ತಲೆಯ ಅಳತೆ. ಕೊನೆಯ ತುಂಡು ದೊಡ್ಡಪ್ಪನದು.

ದೊಡ್ಡಪ್ಪ ಎದ್ದು ನಿಂತು ಮೊದಲ ಹೆಸರು ಕೂಗಿದರು. ಬೆಟ್ಟದ ಬುಡದಲ್ಲಿ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ. ಕೂಗಿ, ಆ ತುಂಡನ್ನು ಬೆರಳಿನಿಂದ ಮುಟ್ಟಿ, ತಾವೇ "ಅದಾನ" ಎಂದರು. ಸೆಕ್ರೆಟರಿಯ ಹೆಸರು. "ಅದಾನ." ತಲೆಗೆ ಎಣ್ಣೆ ಹಚ್ಚಿಕೊಳ್ಳುವವನು. "ಅದಾನ." ತೀರಿಕೊಂಡ ಗುಂಡಿಯವನ ಹೆಸರಿಗೆ ಎಂದಿನಂತೆ ಕಾಲು ನಿಮಿಷ ಕಾದರು. "ಅದಾನ." ನನ್ನ ಹೆಸರು ಬಂದಾಗ ಅವರು ನನ್ನ ಕಡೆ ನೋಡಿದರು. "ಅದೀನಿ" ಎಂದೆ. ಪಂಡಿತರು ಕಡಲೆಕಾಯಿ ಕೆಳಗಿಟ್ಟಿದ್ದರು.

"ಕೋರಂ ಆತು. ಇನ್ನ ಓದ್ರಿ" ಎಂದು ದೊಡ್ಡಪ್ಪ ಬಟ್ಟೆಯನ್ನು ಮಗುಚಿದರು.

ಪಂಡಿತರು ಕನ್ನಡಕ ಹಣೆಗೇರಿಸಿ, ಕಣ್ಣನ್ನು ಬಟ್ಟೆಗೆ ತಾಗಿಸುವಷ್ಟು ಬಗ್ಗಿ, ಬೆರಳಿಟ್ಟು ಅಕ್ಷರ ಅಕ್ಷರ ಸೇರಿಸುತ್ತ ಹೋದರು. ಮೊದಲ ಸಾಲಿನಲ್ಲಿ ಊರಿನ ಹಸುಗಳನ್ನು ಯಾರೋ ಹೊಡೆದುಕೊಂಡು ಹೋದದ್ದು. ಎರಡನೆಯ ಸಾಲಿನಲ್ಲಿ ಅವನ್ನು ಬಿಡಿಸಲು ಹೋದವನು ಬಿಡಿಸಿ ಸತ್ತದ್ದು. ಮೂರನೆಯ ಸಾಲಿನ ಹತ್ತಿರ ಅವರ ಬೆರಳು ಹಿಂದೆ ಮುಂದೆ ಓಡಾಡಿತು.

"ಈ ಕಲ್ಲು ನಿಲ್ಲಿಸಿದ ಅಂತ ಐತೆ. ಯಾರು ನಿಲ್ಸಿದ್ರು ಅನ್ನೋದು ಸವ್ದೋಗೈತೆ ಕಣ್ರಿ. ಹೆಸರು ಸಿಗಲ್ಲ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಕಾದು, ಇಷ್ಟು ಕಳ್ಳತನ ಮಾಡಿ ತಂದರೆ ಹೆಸರೇ ಇಲ್ಲವೇ! ದೊಡ್ಡಪ್ಪ ಮಾತ್ರ ಆ ಸವೆದ ಜಾಗದ ಮೇಲೆ ಬೆರಳು ಆಡಿಸಿದರು.

"ಹೋಗ್ಲಿ ಬಿಡ್ರಿ" ಎಂದರು. "ನಿಲ್ಲಿಸ್ಯಾನಲ್ಲ."

ಪಂಡಿತರು ಕೊಟ್ಟ ಮಜ್ಜಿಗೆ ಕುಡಿದು ಬಸ್ ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮಧ್ಯಾಹ್ನದ ಬಿಸಿಲು ದೊಡ್ಡಪ್ಪನ ಬರಿತಲೆಯ ಮೇಲೆ ಬೀಳುತ್ತಿತ್ತು. ಅವರ ತಲೆ ಇಷ್ಟು ಸಣ್ಣದಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. 'ಸುಳ್ಳು ಹೇಳಿದೆ ದೊಡ್ಡಪ್ಪ' ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಜೇಬಿನಿಂದ ಟೇಪು ತೆಗೆದು, "ತಲಿ ಬಗ್ಗಿಸು" ಎಂದರು.

ಬಗ್ಗಿಸಿದೆ. ನಾಲ್ಕು ಜನ ನೋಡುತ್ತಿದ್ದರು. ಟೇಪು ಹಣೆಯ ಮೇಲೆ ಹಾದು ಕಿವಿಯ ಹಿಂದೆ ಸುತ್ತಿ ಬಂತು.

"ಇಪ್ಪತ್ತೊಂದೂವರಿ. ಅಷ್ಟ ಐತಿ" ಎಂದರು. ಟೇಪು ತೆಗೆಯಲಿಲ್ಲ. "ಮೊಣಕಾಲು ಹ್ಯಾಂಗೈತಿ ಈಗ?"

"ವಾಸಿ ಆಗೇತಿ ದೊಡ್ಡಪ್ಪ."

"ಎರಡೂ?"

"ಎರಡೂ" ಎಂದೆ. ಅಳುವೋ ನಗುವೋ ತಿಳಿಯದೆ ತಲೆ ಬಗ್ಗಿಸಿಕೊಂಡೇ ಇದ್ದೆ. ಬಸ್ಸು ಬರುವವರೆಗೂ ಎತ್ತಲಿಲ್ಲ.